ಹೆಸರು ಹಲವು, ಖಾತೆ ಎರಡೇ: ಸಕ್ಕರೆಗಳ ವ್ಯಾಪಾರ ಮತ್ತು ದೇಹದ ಲೆಕ್ಕ

ದಿನಸಿ ಅಂಗಡಿಗಳಲ್ಲಿ ಸಿಹಿ ಪದಾರ್ಥಗಳ ಕಪಾಟು ಇತ್ತೀಚಿನ ವರ್ಷಗಳಲ್ಲಿ ಗಣನೀಯವಾಗಿ ಬೆಳೆದಿದೆ. ಹಿಂದೆ ಒಂದು ಮೂಟೆ ಸಕ್ಕರೆ, ನಾಲ್ಕಾರು ಉಂಡೆ ಬೆಲ್ಲ, ಭರಣಿಯಲ್ಲಿ ಒಂದಿಷ್ಟು ಕಲ್ಲುಸಕ್ಕರೆ ಇದ್ದರೆ ವ್ಯಾಪಾರ ಸಾಗುತ್ತಿತ್ತು. ಇಂದು ಎಸ್-30, ಎಂ-30 ಸಕ್ಕರೆಯ ಪಕ್ಕದಲ್ಲಿ ಕಂದು ಸಕ್ಕರೆ, ಸಾವಯವ ಬೆಲ್ಲದ ಪುಡಿ, ಜೋನಿ ಬೆಲ್ಲ, ತಾಳೆ ಬೆಲ್ಲ, ತೆಂಗಿನ ಸಕ್ಕರೆ, ಖರ್ಜೂರದ ಪಾಕ, ಹತ್ತು ಬಗೆಯ ಜೇನುತುಪ್ಪ ಹಾಗೂ ಸಿಹಿಕಾರಕ ಗುಳಿಗೆಗಳು ಸಾಲಾಗಿ ನಿಂತಿವೆ. ಬಿಳಿ ಸಕ್ಕರೆಗೆ ಹೋಲಿಸಿದರೆ ಇವುಗಳ ಬೆಲೆ ಎರಡು ಪಟ್ಟಿನಿಂದ ಹತ್ತು ಪಟ್ಟಿನವರೆಗೂ ಇರುವುದುಂಟು. ಈ ಹೆಚ್ಚುವರಿ ಬೆಲೆಯಲ್ಲಿ ಪದಾರ್ಥದ ಮೌಲ್ಯವೆಷ್ಟು, ‘ಆರೋಗ್ಯ’ ಎಂಬ ಪದದ ಮೌಲ್ಯವೆಷ್ಟು ಎಂಬುದನ್ನು ವಿಂಗಡಿಸಿ ನೋಡುವ ಅಗತ್ಯವಿದೆ.

ಅಗತ್ಯಕ್ಕೆ ಕಾರಣ ಸರಳವಾದದ್ದು. ‘ನಮ್ಮ ಯಜಮಾನರಿಗೆ ಶುಗರ್ ಇದೆ, ಅವರಿಗೆ ಯಾವುದಾಗುತ್ತದೆ?’ ಎಂದು ಗ್ರಾಹಕರು ಕೇಳುವುದು ಮೊದಲು ವೈದ್ಯರನ್ನಲ್ಲ, ಅಂಗಡಿಯವರನ್ನು. ‘ಬೆಲ್ಲ ತಗೊಂಡು ಹೋಗಿ ಅಮ್ಮಾ, ಏನೂ ಆಗೋದಿಲ್ಲ’ ಎಂಬ ಉತ್ತರವೂ ಅಷ್ಟೇ ಸಹಜವಾಗಿ ಬರುತ್ತದೆ. ಹೇಳುವವರಿಗೆ ದುರುದ್ದೇಶವಿರುವುದಿಲ್ಲ, ಅವರ ಮನೆಯಲ್ಲಿಯೂ ಅದನ್ನೇ ನಂಬಿರುತ್ತಾರೆ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಮತ್ತೆ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹೀಗಿರುವಾಗ ಗಲ್ಲಾಪೆಟ್ಟಿಗೆಯ ಮುಂದೆ ಕೊಡುವ ಒಂದು ವಾಕ್ಯದ ಸಲಹೆ ಹಗುರವಾದದ್ದಲ್ಲ.

ಕರುಳಿನಲ್ಲಿ ನಡೆಯುವ ವಿಂಗಡಣೆ

ಅಂಗಡಿಯ ಸಕ್ಕರೆಯ ರಾಸಾಯನಿಕ ಹೆಸರು ಸುಕ್ರೋಸ್. ಇದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳ ಸಮಪಾಲಿನ ಜೋಡಿ. ಸಣ್ಣಕರುಳಿನ ಗೋಡೆಯಲ್ಲಿರುವ ಒಂದು ಕಿಣ್ವವು ಈ ಜೋಡಿಯನ್ನು ಬಿಡಿಸುತ್ತದೆ. ಅಲ್ಲಿಂದ ಮುಂದೆ ಸುಕ್ರೋಸ್ ಎಂಬ ಹೆಸರೇ ಉಳಿಯುವುದಿಲ್ಲ. ಅರ್ಧ ಗ್ಲೂಕೋಸ್ ಖಾತೆಗೆ, ಅರ್ಧ ಫ್ರಕ್ಟೋಸ್ ಖಾತೆಗೆ ಜಮಾ ಆಗುತ್ತದೆ. ಸರಕು ಮಂಡ್ಯದ ಆಲೆಮನೆಯಿಂದ ಬಂದಿತೋ, ಬೆಳಗಾವಿಯ ಕಾರ್ಖಾನೆಯಿಂದ ಬಂದಿತೋ ಎಂಬ ವಿವರವನ್ನು ಕರುಳು ಬರೆದಿಟ್ಟುಕೊಳ್ಳುವುದಿಲ್ಲ.

ಗ್ಲೂಕೋಸ್ ನೇರವಾಗಿ ರಕ್ತವನ್ನು ಸೇರುತ್ತದೆ. ರಕ್ತದಲ್ಲಿ ಅದರ ಮಟ್ಟ ಏರಿದೊಡನೆ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಸ್ರವಿಸುತ್ತದೆ. ಸ್ನಾಯುಗಳೂ ಇತರ ಅಂಗಾಂಶಗಳೂ ಅದನ್ನು ಬಳಸಿಕೊಳ್ಳುತ್ತವೆ. ಪ್ರಯೋಗಾಲಯದ ವರದಿಯಲ್ಲಿ ಕಾಣುವ ಸಂಖ್ಯೆ ಈ ಖಾತೆಯ ಶಿಲ್ಕು ಮಾತ್ರ. ಫ್ರಕ್ಟೋಸ್‌ನ ದಾರಿ ಬೇರೆ. ಅದರ ಬಹುಭಾಗವನ್ನು ಪಿತ್ತಜನಕಾಂಗವೇ ವಿಲೇವಾರಿ ಮಾಡಬೇಕು. ಅದು ಇನ್ಸುಲಿನ್ ಅನ್ನು ನೇರವಾಗಿ ಕೆರಳಿಸುವುದಿಲ್ಲ, ರಕ್ತದ ಗ್ಲೂಕೋಸ್ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದೂ ಇಲ್ಲ. ಮಿತವಾಗಿ ಬಂದಾಗ ಯಾವ ತೊಂದರೆಯೂ ಇಲ್ಲ. ಅಗತ್ಯಕ್ಕಿಂತ ಹೆಚ್ಚು ಶಕ್ತಿಯೊಡನೆ ದಿನವೂ ಬಂದಾಗ ಪಿತ್ತಜನಕಾಂಗವು ಅದನ್ನು ಕೊಬ್ಬಾಗಿ ಪರಿವರ್ತಿಸುತ್ತದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಯೂರಿಕ್ ಆಮ್ಲ ಹೆಚ್ಚುತ್ತದೆ. ಮದ್ಯವನ್ನು ಮುಟ್ಟದವರ ಸ್ಕ್ಯಾನಿಂಗ್ ವರದಿಯಲ್ಲಿಯೂ ‘ಫ್ಯಾಟಿ ಲಿವರ್’ ಎಂದು ಬರುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕೂಡ ಜೋಡಿಯೇ. ಗ್ಲೂಕೋಸ್ ಜೊತೆಗೆ ಗ್ಯಾಲಕ್ಟೋಸ್. ಸಿಹಿ ಕಡಿಮೆ, ಏರಿಕೆಯೂ ನಿಧಾನ. ಅದನ್ನು ಬಿಡಿಸುವ ಕಿಣ್ವ ವಯಸ್ಕರಲ್ಲಿ ಅನೇಕರಿಗೆ ಸಾಲದು. ಅಂಥವರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಮೊಸರಾದರೆ ಹೊಂದುತ್ತದೆ. ಮಾಲ್ಟೋಸ್ ಎಂಬುದು ಎರಡು ಗ್ಲೂಕೋಸ್‌ಗಳ ಜೋಡಿ; ಪಿಷ್ಟ ಒಡೆದಾಗ ಹುಟ್ಟುವಂಥದ್ದು.

ರಕ್ತದ ಗ್ಲೂಕೋಸನ್ನು ಆಹಾರವು ಎಷ್ಟು ವೇಗವಾಗಿ ಏರಿಸುತ್ತದೆ ಎಂಬುದಕ್ಕೆ ಗ್ಲೈಸೀಮಿಕ್ ಸೂಚ್ಯಂಕ ಎಂಬ ಅಳತೆಯಿದೆ. ಶುದ್ಧ ಗ್ಲೂಕೋಸ್‌ಗೆ 100 ಎಂದಾದರೆ ಸಾಮಾನ್ಯ ಸಕ್ಕರೆಗೆ ಸುಮಾರು 65, ಲ್ಯಾಕ್ಟೋಸ್‌ಗೆ 45ರ ಆಸುಪಾಸು, ಫ್ರಕ್ಟೋಸ್‌ಗೆ ಸುಮಾರು 20. ಈ ಕೊನೆಯ ಅಂಕಿಯನ್ನು ನೋಡಿಯೇ ಒಂದು ಕಾಲದಲ್ಲಿ ಫ್ರಕ್ಟೋಸ್ ಪುಡಿಯನ್ನು ಮಧುಮೇಹಿಗಳ ಸಕ್ಕರೆಯೆಂದು ಮಾರಲಾಯಿತು. ಒಂದು ಖಾತೆಯಲ್ಲಿ ಖರ್ಚು ಕಾಣಲಿಲ್ಲವೆಂದು ಅದು ಇಲ್ಲವೆಂದು ಭಾವಿಸಿದಂತಾಯಿತು; ಖರ್ಚು ಪಿತ್ತಜನಕಾಂಗದ ಖಾತೆಯಲ್ಲಿ ಬಿದ್ದಿತ್ತು.

ಬೆಲ್ಲದ ವಿಷಯ

ಬೆಲ್ಲದ ಬಗ್ಗೆ ಮಾತನಾಡುವಾಗ ಈ ನಾಡಿನಲ್ಲಿ ಎಚ್ಚರ ಬೇಕು. ಮಂಡ್ಯದಲ್ಲಿ ಸಾವಿರಾರು ಕುಟುಂಬಗಳ ಬದುಕು ಆಲೆಮನೆಯ ಕೊಪ್ಪರಿಗೆಯನ್ನು ಅವಲಂಬಿಸಿ ನಡೆದಿದೆ, ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಬೆಲ್ಲದ ಪೇಟೆಯೆಂದೇ ಹೆಸರಾಗಿದೆ. ಯುಗಾದಿಯ ಬೇವುಬೆಲ್ಲ, ಸಂಕ್ರಾಂತಿಯ ಎಳ್ಳುಬೆಲ್ಲ, ಗೋಕಾಕದ ಕರದಂಟು ಇವುಗಳ ರುಚಿಗೆ ಬೇರೆ ಸಿಹಿ ಸಾಟಿಯಾಗಲಾರದು. ಬೆಲ್ಲದ ವ್ಯಾಪಾರ ಬೆಳೆಯಲಿ ಎಂದು ಬಯಸುವವರೇ ಅದರ ಲೆಕ್ಕವನ್ನು ಸರಿಯಾಗಿ ಇಡಬೇಕಾಗಿದೆ.

ಬೆಲ್ಲದಲ್ಲಿ ಸಾಮಾನ್ಯವಾಗಿ ಶೇ. 65ರಿಂದ 85ರಷ್ಟು ಸುಕ್ರೋಸ್ ಇರುತ್ತದೆ. ಅದರ ಮೇಲೆ ಮೊದಲೇ ಒಡೆದ ಗ್ಲೂಕೋಸ್ ಹಾಗೂ ಫ್ರಕ್ಟೋಸ್ ಶೇ. 5ರಿಂದ 15. ಉಳಿದದ್ದು ತೇವಾಂಶ, ಖನಿಜಗಳು ಮತ್ತು ಕಾಕಂಬಿಯ ಅಂಶ. 100 ಗ್ರಾಂ ಬೆಲ್ಲ ಕೊಡುವ ಶಕ್ತಿ ಸುಮಾರು 350ರಿಂದ 380 ಕಿಲೋಕ್ಯಾಲೊರಿ; ಸಕ್ಕರೆಯದು ಸುಮಾರು 400. ವ್ಯತ್ಯಾಸದ ಬಹುಪಾಲು ನೀರಿನ ಲೆಕ್ಕ. ರಕ್ತದ ಗ್ಲೂಕೋಸನ್ನು ಏರಿಸುವುದರಲ್ಲಿ ಬೆಲ್ಲ ಸಕ್ಕರೆಗಿಂತ ಸೌಮ್ಯವೆಂಬ ನಂಬಿಕೆಗೆ ದೃಢವಾದ ಆಧಾರವಿಲ್ಲ.

ಹಾಗಾದರೆ ಕಬ್ಬಿಣಾಂಶದ ಮಾತೇನು? ಅದು ಸುಳ್ಳಲ್ಲ. ಬಿಳಿ ಸಕ್ಕರೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಕಬ್ಬಿಣ, ಪೊಟ್ಯಾಸಿಯಂ, ಮೆಗ್ನೀಸಿಯಂ ಬೆಲ್ಲದಲ್ಲಿವೆ. ಪ್ರಶ್ನೆ ಪ್ರಮಾಣದ್ದು. 100 ಗ್ರಾಂಗೆ 10 ಮಿಲಿಗ್ರಾಂ ಕಬ್ಬಿಣವಿದೆ ಎಂದು ಉದಾರವಾಗಿಯೇ ಹಿಡಿಯೋಣ. ದಿನಕ್ಕೆ 10 ಗ್ರಾಂ ಬೆಲ್ಲ ತಿಂದರೆ ದೊರೆಯುವುದು 1 ಮಿಲಿಗ್ರಾಂ. 2020ರ ರಾಷ್ಟ್ರೀಯ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಪುರುಷನಿಗೆ 19. ಬೆಲ್ಲದಿಂದಲೇ 29 ಮಿಲಿಗ್ರಾಂ ಪಡೆಯಬೇಕಾದರೆ 290 ಗ್ರಾಂ ತಿನ್ನಬೇಕು. ಆಗ ಬರುವ ಶಕ್ತಿ 1,000 ಕಿಲೋಕ್ಯಾಲೊರಿಗೂ ಮಿಗಿಲು, ಎಂದರೆ ಸಾಧಾರಣ ವ್ಯಕ್ತಿಯ ಅರ್ಧ ದಿನದ ಊಟ. ರಕ್ತಹೀನತೆಯ ಮಗಳಿಗೆ ಸೊಪ್ಪು, ಕಾಳು, ವೈದ್ಯರು ಕೊಟ್ಟ ಮಾತ್ರೆಗಳ ಬದಲು ಬೆಲ್ಲವನ್ನೇ ನಂಬಿಕೊಂಡ ಮನೆಗಳು ಈ ಗುಣಾಕಾರವನ್ನು ಮಾಡಿರುವುದಿಲ್ಲ.

ನಿಜವಾದ ಅಪಾಯ ಬೆಲ್ಲದಲ್ಲಿಲ್ಲ, ಅದು ಕೊಡುವ ರಿಯಾಯಿತಿಯಲ್ಲಿದೆ. ಸಕ್ಕರೆ ಹಾಕಿದ ಒಂದು ಲೋಟ ಕಾಫಿಗೆ ಹೆದರುವ ಮಧುಮೇಹಿ, ಬೆಲ್ಲದ ಕಾಫಿಯಾದರೆ ಎರಡು ಲೋಟ ಕುಡಿಯುತ್ತಾರೆ. ಹೋಳಿಗೆಗೆ ಬೆಲ್ಲದ ಹೂರಣವೆಂದು ಇನ್ನೊಂದನ್ನು ಹಾಕಿಸಿಕೊಳ್ಳುತ್ತಾರೆ. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಇದೆಲ್ಲವೂ ಬಂದು ಕೂಡುತ್ತದೆ. ವಾರ್ಷಿಕ ಲೆಕ್ಕ ಮುಗಿಸುವ ಹೊತ್ತಿಗೆ ಸಣ್ಣ ಚೀಟಿಗಳೆಲ್ಲ ಒಟ್ಟುಗೂಡಿ ಬೆಚ್ಚಿಬೀಳಿಸುವುದು ವರ್ತಕರಿಗೆ ಹೊಸ ಅನುಭವವೇನಲ್ಲ.

ಇದೇ ಮಾತು ಕಂದು ಸಕ್ಕರೆಗೂ ಅನ್ವಯಿಸುತ್ತದೆ. ಪೇಟೆಯಲ್ಲಿ ದೊರೆಯುವ ಕಂದು ಸಕ್ಕರೆಯ ಹಲವು ಬಗೆಗಳು ಬಿಳಿ ಸಕ್ಕರೆಗೆ ಕಾಕಂಬಿಯನ್ನು ಮರಳಿ ಲೇಪಿಸಿದಂಥವು. ಮೊದಲು ತೆಗೆಯಲು ಖರ್ಚು, ಮತ್ತೆ ಸೇರಿಸಲು ಖರ್ಚು. ಗ್ರಾಹಕರು ಎರಡನ್ನೂ ಭರಿಸುತ್ತಾರೆ. ತೆಂಗಿನ ಸಕ್ಕರೆಯ ಮುಖ್ಯಾಂಶವೂ ಸುಕ್ರೋಸೇ. ಜೇನುತುಪ್ಪದಲ್ಲಿ ಸುಮಾರು ಶೇ. 38 ಫ್ರಕ್ಟೋಸ್, ಶೇ. 31 ಗ್ಲೂಕೋಸ್, ಶೇ. 17 ನೀರು, ಜೋಡಿಯನ್ನು ಬಿಡಿಸುವ ಕೆಲಸವನ್ನು ಜೇನುಹುಳು ಮೊದಲೇ ಮುಗಿಸಿರುತ್ತದೆ, ಅಷ್ಟೇ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದೆಂಬುದು ಮಾತ್ರ ಸಕ್ಕರೆಗೆ ಸಂಬಂಧಿಸಿದ ಎಚ್ಚರಿಕೆಯಲ್ಲ. ಅದರಲ್ಲಿರಬಹುದಾದ ರೋಗಾಣುವಿನ ಬೀಜಕಣಗಳಿಗೆ ಸಂಬಂಧಿಸಿದ್ದು. ಜೇನಿನ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ತನಿಖೆಯಲ್ಲಿ, ಪರೀಕ್ಷೆಗೆ ಒಳಪಡಿಸಿದ ಮಾದರಿಗಳ ಪೈಕಿ ಬಹುಪಾಲಿನಲ್ಲಿ ಸಕ್ಕರೆ ಪಾಕದ ಬೆರಕೆ ಕಂಡುಬಂದಿತ್ತು.

ಹಿತಾಸಕ್ತಿಯ ಹಳೆಯ ಚೀಟಿ

ಸಕ್ಕರೆಯ ಬಗೆಗಿನ ತಿಳಿವಳಿಕೆ ಇಷ್ಟು ತಡವಾಗಿ ಜನರನ್ನು ತಲುಪಲು ಒಂದು ವ್ಯವಹಾರದ ಕಥೆಯೂ ಕಾರಣವಾಗಿದೆ. 1967ರಲ್ಲಿ ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹೃದ್ರೋಗ ಮತ್ತು ಆಹಾರದ ಕುರಿತ ಸಮೀಕ್ಷಾ ಲೇಖನ ಪ್ರಕಟವಾಯಿತು. ಅದು ಕೊಬ್ಬಿನ ಮೇಲೆ ಬೆರಳು ತೋರಿಸಿ ಸಕ್ಕರೆಯ ಪಾತ್ರವನ್ನು ತೇಲಿಸಿತು. ಲೇಖಕರು ಹಾರ್ವರ್ಡ್ ವಿಶ್ವವಿದ್ಯಾಲಯದವರು. ಆ ಕೆಲಸಕ್ಕೆ ಸಕ್ಕರೆ ಉದ್ದಿಮೆಯ ಸಂಶೋಧನಾ ಪ್ರತಿಷ್ಠಾನವು ಸುಮಾರು 6,500 ಡಾಲರ್ ನೀಡಿತ್ತೆಂಬುದು ಹಳೆಯ ಕಡತಗಳ ಆಧಾರದ ಮೇಲೆ ಬಯಲಿಗೆ ಬಂದದ್ದು 2016ರಲ್ಲಿ. ಅಂದಿನ ನಿಯಮಗಳು ಹಿತಾಸಕ್ತಿಯ ಪ್ರಕಟಣೆಯನ್ನು ಕೇಳುತ್ತಿರಲಿಲ್ಲ. ಸಂಬಂಧಿತ ಪಕ್ಷಗಳೊಡನೆ ನಡೆಸಿದ ವ್ಯವಹಾರವನ್ನು ಟಿಪ್ಪಣಿಯಲ್ಲಿ ತೋರಿಸಬೇಕೆಂಬ ನಿಯಮ ಕಂಪನಿಗಳ ಲೆಕ್ಕಪತ್ರಕ್ಕೆ ಏಕೆ ಬಂತು ಎಂಬುದನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅದೇ ಅಮೆರಿಕದಲ್ಲಿ 1970ರ ದಶಕದಿಂದ ಮೆಕ್ಕೆಜೋಳದ ಪಿಷ್ಟದಿಂದ ತಯಾರಿಸಿದ, ಫ್ರಕ್ಟೋಸ್ ಹೆಚ್ಚಿರುವ ಪಾಕವು ತಂಪು ಪಾನೀಯಗಳನ್ನು ಪ್ರವೇಶಿಸಿತು. ಇದರ ವಿರುದ್ಧ ಬಹಳಷ್ಟು ಬರೆಯಲಾಗಿದೆ. ಆದರೆ ಪಾನೀಯಗಳಿಗೆ ಬಳಸುವ ಬಗೆಯಲ್ಲಿ ಫ್ರಕ್ಟೋಸ್ ಪ್ರಮಾಣ ಶೇ. 55, ಸಾಮಾನ್ಯ ಸಕ್ಕರೆಯಲ್ಲಿ 50. ವ್ಯತ್ಯಾಸ ಅಲ್ಪ. ಅದು ಅಗ್ಗವಾಯಿತು, ಆದ್ದರಿಂದ ಎಲ್ಲೆಡೆ ಹರಿಯಿತು ಎಂಬುದೇ ದೊಡ್ಡ ಸಂಗತಿ. ಭಾರತದಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಕಬ್ಬಿನ ಸಕ್ಕರೆಯೇ ಮಾಡುತ್ತಿದೆ.

ಮಂಡಿಯ ಚಹಾ

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಮಾರ್ಗಸೂಚಿಯ ಪ್ರಕಾರ ಸೇರಿಸಿದ ಸಕ್ಕರೆ, ಜೇನುತುಪ್ಪ, ಹಣ್ಣಿನ ರಸ ಇವೆಲ್ಲದರ ಸಕ್ಕರೆಯು ದಿನದ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ಕ್ಕಿಂತ ಕಡಿಮೆಯಾದರೆ ಮತ್ತೂ ಒಳ್ಳೆಯದು. 2,000 ಕಿಲೋಕ್ಯಾಲೊರಿ ಆಹಾರಕ್ಕೆ ಇದು 50 ಗ್ರಾಂ ಹಾಗೂ 25 ಗ್ರಾಂ ಆಗುತ್ತದೆ. ಇಡಿಯಾಗಿ ತಿಂದ ಹಣ್ಣಿನ ಸಕ್ಕರೆ ಈ ಲೆಕ್ಕದಲ್ಲಿ ಸೇರುವುದಿಲ್ಲ. ನಾರಿನಂಶ ಅದನ್ನು ನಿಧಾನಗೊಳಿಸುತ್ತದೆ, ಹೊಟ್ಟೆಯನ್ನೂ ತುಂಬಿಸುತ್ತದೆ. ಹಿಂಡಿದ ರಸ ಸೇರುತ್ತದೆ.

ಅಡತಿ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತಿರುವ ವರ್ತಕರೊಬ್ಬರ ದಿನವನ್ನು ಊಹಿಸಿಕೊಳ್ಳಬಹುದು. ಬಂದ ರೈತರಿಗೆ, ಖರೀದಿದಾರರಿಗೆ, ದಲಾಲರಿಗೆ ಚಹಾ ತರಿಸುವುದು ಸೌಜನ್ಯ. ಅವರೊಡನೆ ಕುಡಿಯುವುದೂ ಸೌಜನ್ಯ. ಒಂದು ಕಪ್ಪಿಗೆ ಎರಡು ಚಮಚೆ, ಎಂದರೆ ಸುಮಾರು 9 ಗ್ರಾಂ. ಐದು ಕಪ್ಪಿಗೆ 45 ಗ್ರಾಂ. ಮನೆಯ ಊಟದಲ್ಲಿನ ಸಿಹಿ, ಬಿಸ್ಕತ್ತು, ಹಬ್ಬದ ಪೆಟ್ಟಿಗೆ ಯಾವುದನ್ನೂ ಸೇರಿಸುವ ಮೊದಲೇ ಇಡೀ ದಿನದ ಮಿತಿ ಮುಗಿಯುತ್ತ ಬಂತು. ವರ್ಷಕ್ಕೆ 300 ದಿನ ಅಂಗಡಿ ತೆರೆದಿದ್ದರೆ ಚಹಾದಿಂದಲೇ 13.5 ಕಿಲೋ, 50 ಕಿಲೋ ಮೂಟೆಯ ಕಾಲುಭಾಗಕ್ಕಿಂತಲೂ ಹೆಚ್ಚು. ಕುಳಿತು ಮಾಡುವ ಕೆಲಸದಲ್ಲಿ ಇದರ ವಿಲೇವಾರಿಗೆ ದಾರಿಯಿಲ್ಲ. ಮೂಟೆ ಹೊರುವ ಹಮಾಲರಿಗೆ ಅಷ್ಟೇ ಸಕ್ಕರೆ ಬಹುಮಟ್ಟಿಗೆ ದುಡಿಮೆಗೆ ಖರ್ಚಾಗುತ್ತದೆ, ಹಲ್ಲಿನ ಹುಳುಕಿನಿಂದ ಮಾತ್ರ ಅವರಿಗೂ ವಿನಾಯಿತಿಯಿಲ್ಲ. ಹಲ್ಲಿಗೆ ಪ್ರಮಾಣದಷ್ಟೇ ಮುಖ್ಯ ಎಷ್ಟು ಸಲ ಎಂಬುದು. ನಮ್ಮ ಹೋಟೆಲುಗಳ ಬೈ-ಟು ಪದ್ಧತಿಯು ಜಿಪುಣತನದ ಆರೋಪಕ್ಕೆ ಗುರಿಯಾದರೂ ಆರೋಗ್ಯದ ದೃಷ್ಟಿಯಿಂದ ಉತ್ತಮ ಸಂಪ್ರದಾಯವೇ ಸರಿ.

ಮಂಡಿಯ ಹೊರಗಿನ ಕಬ್ಬಿನ ಹಾಲಿನ ಗಾಡಿಯನ್ನೂ ಲೆಕ್ಕಕ್ಕೆ ತರಬೇಕು. ಕಬ್ಬಿನ ರಸದಲ್ಲಿ ಸುಮಾರು ಶೇ. 13ರಿಂದ 15 ಸಕ್ಕರೆಯಿರುತ್ತದೆ. 250 ಮಿಲಿಲೀಟರಿನ ಲೋಟದಲ್ಲಿ 30 ಗ್ರಾಂಗೂ ಹೆಚ್ಚು. ತಂಪು ಪಾನೀಯದ ಬಾಟಲಿಗಿಂತ ಇದು ಕಡಿಮೆಯೇನಲ್ಲ.

ಚೀಟಿಯ ಮೇಲಿನ ಮಾತು, ಬಾಯಿಯ ಮಾತು

2020ರ ಲೇಬಲ್ ನಿಯಮಾವಳಿಯಂತೆ ಪೊಟ್ಟಣದ ಮೇಲೆ ಒಟ್ಟು ಸಕ್ಕರೆ ಮತ್ತು ಸೇರಿಸಿದ ಸಕ್ಕರೆ ಎರಡನ್ನೂ ಬೇರೆಬೇರೆಯಾಗಿ ತೋರಿಸಬೇಕು. 2018ರ ಜಾಹೀರಾತು ಮತ್ತು ಹಕ್ಕುಸಾಧನೆಯ ನಿಯಮಗಳ ಪ್ರಕಾರ ‘ಸಕ್ಕರೆರಹಿತ’ ಎನ್ನಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರುವಂತಿಲ್ಲ. ಆದ್ದರಿಂದ ಖೋವಾ ಹಾಕಿದ ಪೇಡೆಗೆ ಸಕ್ಕರೆ ಬಳಸದೆ ಸಿಹಿಕಾರಕ ಬಳಸಿದರೂ ‘ಸಕ್ಕರೆರಹಿತ’ ಎಂದು ಬರೆಯುವ ಮೊದಲು ಹಾಲಿನ ಲ್ಯಾಕ್ಟೋಸನ್ನು ಲೆಕ್ಕಿಸಬೇಕಾಗುತ್ತದೆ. ಸಿಹಿತಿಂಡಿ ತಯಾರಕರಲ್ಲಿ ಅನೇಕರು ಮರೆಯುವ ಅಂಶವಿದು. ಮಾಲ್ಟಿಟಾಲ್‌ನಂಥ ಪಾಲಿಯೋಲ್‌ಗಳನ್ನು ಬಳಸಿದರೆ ಶಕ್ತಿ ಸಕ್ಕರೆಯ ಅರ್ಧದಷ್ಟಾದರೂ ಇದ್ದೇ ಇರುತ್ತದೆ. ಹೆಚ್ಚು ತಿಂದರೆ ಭೇದಿಯೂ ಆಗುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಪ್ರಕರಣದಡಿ ದಂಡ 10 ಲಕ್ಷ ರೂಪಾಯಿಗಳವರೆಗೆ ಇದೆ.

ಸಿಹಿಕಾರಕ ಗುಳಿಗೆಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು, ತೂಕ ನಿಯಂತ್ರಣಕ್ಕಾಗಿ ಅವುಗಳನ್ನು ಅವಲಂಬಿಸುವುದು ಬೇಡವೆಂದು. ಈಗಾಗಲೇ ಮಧುಮೇಹವಿರುವವರಿಗೆ ಆ ಶಿಫಾರಸು ಅನ್ವಯಿಸುವುದಿಲ್ಲವೆಂದು ಸಂಸ್ಥೆಯೇ ಸ್ಪಷ್ಟಪಡಿಸಿದೆ. ಇಲ್ಲಿ ಒಂದು ಸ್ವಾರಸ್ಯವಿದೆ. ಮರಳಿನ ಹರಳು ಎಂಬ ಅರ್ಥವೂ ಇರುವ ಸಂಸ್ಕೃತದ ‘ಶರ್ಕರಾ’ ಪದವೇ ಪರ್ಷಿಯ, ಅರಬ್ಬೀ ಮಾರ್ಗವಾಗಿ ಯುರೋಪಿಗೆ ಹೋಗಿ ‘ಶುಗರ್’ ಆಯಿತು. 1879ರಲ್ಲಿ ಕಂಡುಹಿಡಿಯಲಾದ, ಸಕ್ಕರೆಯೇ ಅಲ್ಲದ ಸ್ಯಾಕರಿನ್ ಕೂಡ ಗ್ರೀಕ್ ಹಾದಿಯಲ್ಲಿ ಅದೇ ಪದದಿಂದ ಹೆಸರು ಪಡೆಯಿತು. ಚೀಟಿಯ ಗೊಂದಲ ಅಂದೇ ಆರಂಭವಾಗಿತ್ತೆನ್ನಬೇಕು.

ತೆರಿಗೆಯೂ ಸಕ್ಕರೆಯ ಗ್ರಾಂ ಎಣಿಸುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಹಿ ಸೇರಿಸಿದ ಇಂಗಾಲಯುಕ್ತ ಪಾನೀಯಗಳಿಗೆ ಶೇ. 40 ಜಿಎಸ್‌ಟಿ ವಿಧಿಸಲಾಗಿದೆ; ಸಕ್ಕರೆ ಹಾಕಿದರೂ ಅಷ್ಟೇ, ಸಿಹಿಕಾರಕ ಹಾಕಿದರೂ ಅಷ್ಟೇ. ಬ್ರಿಟನ್ 2018ರಲ್ಲಿ ತಂದ ಸುಂಕವು 100 ಮಿಲಿಲೀಟರಿಗೆ 5 ಗ್ರಾಂ, 8 ಗ್ರಾಂ ಎಂಬ ಮಿತಿಗಳನ್ನು ಇರಿಸಿದ್ದರಿಂದ ಅನೇಕ ತಯಾರಕರು ಸುಂಕ ಜಾರಿಗೆ ಬರುವ ಮುನ್ನವೇ ಸಕ್ಕರೆಯನ್ನು ಇಳಿಸಿದರು. ಇಲ್ಲಿ ಅಂಥ ಪ್ರೇರಣೆಯಿಲ್ಲ. ಬೆಲ್ಲದ ಮಟ್ಟಿಗೆ, 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಸರಕಿಗೆ ಶೇ. 5 ತೆರಿಗೆ ಬಂದಿದೆ, ಬಿಡಿ ಬೆಲ್ಲಕ್ಕೆ ಇಲ್ಲ. ಬಿಡಿಯಾಗಿ ತೂಗಿ ಕೊಡುವ ಬೆಲ್ಲಕ್ಕೆ ಲೇಬಲ್ ಇರುವುದಿಲ್ಲವಾದ್ದರಿಂದ ಅಂಗಡಿಯವರ ಬಾಯಿಯ ಮಾತೇ ಅದರ ಲೇಬಲ್. ‘ರುಚಿಗೆ ಬೆಲ್ಲ ಒಳ್ಳೆಯದು, ಶುಗರ್ ಇರುವವರು ಸಕ್ಕರೆಯಷ್ಟೇ ಹಿಡಿತದಲ್ಲಿ ತಿನ್ನಬೇಕು’ ಎಂದು ಹೇಳಿದರೆ ಒಂದು ಕಿಲೋ ಬೆಲ್ಲದ ಮಾರಾಟವೇನೂ ತಪ್ಪುವುದಿಲ್ಲ.

ಬಗೆ ನಿಜವಾಗಿಯೂ ಮುಖ್ಯವಾಗುವ ಹೊತ್ತು

ಇಷ್ಟಾದರೂ ಸಕ್ಕರೆಯ ಬಗೆಯನ್ನು ಆರಿಸಿಯೇ ಕೊಡಬೇಕಾದ ಒಂದು ಸಂದರ್ಭವಿದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡವರು ಹರಾಜಿನ ಗಡಿಬಿಡಿಯಲ್ಲಿ ಮಧ್ಯಾಹ್ನದ ಊಟ ತಪ್ಪಿಸಿದರೆ ರಕ್ತದ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ನೋಡಿದವರು ಸಿಟ್ಟೆಂದೋ ಕುಡಿತವೆಂದೋ ತಪ್ಪು ತಿಳಿಯುವುದುಂಟು. ಆಗ ಬೇಕಾದದ್ದು ತಕ್ಷಣ ಹೀರಿಕೆಯಾಗುವ ಸುಮಾರು 15 ಗ್ರಾಂ ಸಕ್ಕರೆ. ಹದಿನೈದು ನಿಮಿಷದ ನಂತರವೂ ಸುಧಾರಿಸದಿದ್ದರೆ ಮತ್ತೊಮ್ಮೆ ಅಷ್ಟೇ, ಬಳಿಕ ಊಟ. ಸಿಹಿಕಾರಕ ಗುಳಿಗೆಯ ಚಹಾ ಇಲ್ಲಿ ಯಾವ ಕೆಲಸಕ್ಕೂ ಬಾರದು. ಚಾಕೊಲೇಟ್‌ನಲ್ಲಿನ ಕೊಬ್ಬು ಹೀರಿಕೆಯನ್ನು ತಡಮಾಡುತ್ತದೆ.

ಸಾಮಾನ್ಯವಾಗಿ ಅಡುಗೆಮನೆಯ ಸಕ್ಕರೆಯೇ ಸಾಕಾಗುತ್ತದೆ. ಆದರೆ ನಮ್ಮಲ್ಲಿ ಅನೇಕರಿಗೆ ಬೇರೆ ಮಾತ್ರೆಗಳ ಜೊತೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಅನ್ನೂ ಬರೆದುಕೊಡಲಾಗಿರುತ್ತದೆ. ಇವು ಸುಕ್ರೋಸ್ ಜೋಡಿಯನ್ನು ಬಿಡಿಸುವ ಕಿಣ್ವವನ್ನೇ ತಡೆಹಿಡಿಯುವ ಔಷಧಗಳು. ಅಂಥವರ ಬಾಯಿಗೆ ಸಕ್ಕರೆಯನ್ನಾಗಲಿ ಬೆಲ್ಲದ ತುಂಡನ್ನಾಗಲಿ ಹಾಕಿದರೆ ಅದು ಕರುಳಿನಲ್ಲಿಯೇ ತಡವಾಗುತ್ತದೆ. ಅವರಿಗೆ ಬೇಕಾದದ್ದು ಒಡೆಯುವ ಅಗತ್ಯವಿಲ್ಲದ ಗ್ಲೂಕೋಸ್. ಮೂರು ಚಮಚೆ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಗ್ಲೂಕೋಸ್ ಪುಡಿಯ ಪೊಟ್ಟಣ ಯಾವ ಔಷಧದ ಅಂಗಡಿಯಲ್ಲಿಯೂ ಅಲ್ಪ ಬೆಲೆಗೆ ದೊರೆಯುತ್ತದೆ. ಅದನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಟ್ಟು, ಅಲ್ಲಿ ಇದೆಯೆಂಬುದನ್ನು ಗುಮಾಸ್ತರಿಗೂ ಹಮಾಲರಿಗೂ ತಿಳಿಸಿರಬೇಕು.